ಸರ್ವರ್‌ಗಿಂತ ಮೊದಲು ಸಂಪರ್ಕ

ಭಾರತದಲ್ಲಿ ಸಣ್ಣ ಹೋಸ್ಟಿಂಗ್ ವ್ಯಾಪಾರ ತಡವಾಗಿ ಬೆಳೆದದ್ದಕ್ಕೆ ಯಂತ್ರದ ಬೆಲೆಯೇ ಕಾರಣವೆನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ, ಅಪಾಚೆ ವೆಬ್ ಸರ್ವರ್ ತಂತ್ರಾಂಶ ಎರಡೂ 1995ರಲ್ಲೇ ಪುಕ್ಕಟೆ ಸಿಗುತ್ತಿದ್ದವು. ಸಾಧಾರಣ ಪಿಸಿಯೇ ಸರ್ವರ್ ಆಗಬಹುದಿತ್ತು. ಕೈ ಕಟ್ಟಿಹಾಕಿದ್ದು ಸಂಪರ್ಕ. ಅದೇ ವರ್ಷ ಆಗಸ್ಟ್ 15ರಂದು ಸರ್ಕಾರಿ ಸಂಸ್ಥೆ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದಾಗ ಡಯಲ್-ಅಪ್ ವೇಗ ಸೆಕೆಂಡಿಗೆ 9.6 ಕಿಲೋಬಿಟ್. 50 ಕಿಲೋಬೈಟ್‌ನ ಒಂದು ಚಿತ್ರ ಇಳಿಯಲು ಸುಮಾರು ಮುಕ್ಕಾಲು ನಿಮಿಷ!

1998ರ ನವೆಂಬರ್‌ನಲ್ಲಿ ಖಾಸಗಿಯವರಿಗೂ ಇಂಟರ್ನೆಟ್ ಸೇವೆ ಕೊಡಲು ಎ, ಬಿ, ಸಿ ದರ್ಜೆಯ ಪರವಾನಗಿ ಸಿಗುವಂತಾಯಿತು; ಸಣ್ಣವರಿಗೆ ಒಂದು ದೂರವಾಣಿ ವಲಯಕ್ಕಷ್ಟೇ ಸೀಮಿತವಾದ ಸಿ ದರ್ಜೆ. ಬರೀ ಹೋಸ್ಟಿಂಗಿಗೆ ಈ ಪರವಾನಗಿ ಏಕೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಸರ್ವರಿಗೆ ಸಂಪರ್ಕ ಕೊಡುವವನಿಗೆ ಅದು ಬೇಕೇ ಬೇಕಿತ್ತು. ಸಂಪರ್ಕದ ಇನ್ನೊಂದು ಕೊಂಡಿಯೂ ತಡವಾಗಿಯೇ ಬಂತು: ದೇಶದೊಳಗಿನ ದತ್ತಾಂಶ ವಿದೇಶ ಸುತ್ತದೆ ಇಲ್ಲಿಯೇ ಕೈಬದಲಾಗಲೆಂದು ನಿಕ್ಸಿ ಎಂಬ ಇಂಟರ್ನೆಟ್ ವಿನಿಮಯ ಕೇಂದ್ರ ಸ್ಥಾಪನೆಯಾದದ್ದು 2003ರಲ್ಲಿ.