ಪಹಣಿ ಎಲ್ಲಿ ತಯಾರಾಗಬೇಕು?

ವೆಬ್ ಪುಟವನ್ನು ಸರ್ವರೇ ಸಿದ್ಧಮಾಡಿ ಕಳಿಸಬೇಕೋ, ಆ ಕೆಲಸವನ್ನು ಓದುಗರ ಬ್ರೌಸರಿಗೆ ಬಿಡಬೇಕೋ? ಈ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗೋದು ‘ಭೂಮಿ’ ಯೋಜನೆ.

2000ದ ದಶಕದ ಮೊದಲ ವರ್ಷಗಳು. ಯಾದಗಿರಿ, ಶಹಾಪುರ, ಸುರಪುರ ಆಗಿನ್ನೂ ಗುಲ್ಬರ್ಗಾ ಜಿಲ್ಲೆಯ ತಾಲ್ಲೂಕುಗಳು. ಯಾದಗಿರಿ ಜಿಲ್ಲೆಯಾದದ್ದು 2009ರ ಕೊನೆಗೆ. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಕಂಪ್ಯೂಟರ್ ಪಹಣಿ ಕೈಗೆ ಬರುತ್ತಿತ್ತು. ಕಂಪ್ಯೂಟರು, ಕನ್ನಡ ಫಾಂಟು ಎಲ್ಲ ಕಚೇರಿಯದು. ರೈತರಿಗೆ ಸಿದ್ಧ ಹಾಳೆ.

2013ರಲ್ಲಿ ರಿಯಾಕ್ಟ್ ಬಂದ ಮೇಲೆ ಪುಟ ಕಟ್ಟುವ ಕೆಲಸ ಹೆಚ್ಚೆಚ್ಚು ಬ್ರೌಸರಿಗೆ ಹೋಯಿತು. ಅಗ್ಗದ ಫೋನು, ನಿಧಾನದ ನೆಟ್‌ವರ್ಕ್ ಇದ್ದವರಿಗೆ ಜಾವಾಸ್ಕ್ರಿಪ್ಟ್ ಇಳಿಯುವವರೆಗೂ ಖಾಲಿ ತೆರೆ! ಪಹಣಿಯಂಥ, ಬರೀ ಓದುವ ಪುಟಕ್ಕೆ ಸರ್ವರೇ ವಾಸಿ ಅನ್ನೋದು ನನ್ನ ಲೆಕ್ಕ.

ಒಂದೇ ಭಯ. ಹೊರೆ ಉಳಿಸಲು ಸರ್ವರ್ ಎತ್ತಿಟ್ಟ ಹಳೇ ಪ್ರತಿಯನ್ನೇ ಕೊಟ್ಟರೆ, ಮ್ಯುಟೇಷನ್ ಆದ ಮೇಲೂ ಹೊಲ ಮಾರಿದವನ ಹೆಸರೇ ಕಾಣುತ್ತೆ. ಹೆಸರು ಬದಲಾದ ಕೂಡಲೇ ಆ ಪ್ರತಿ ಅಳಿಸಲೇಬೇಕು. ನೀವೇನಂತೀರಿ?