ಜೆಸಿಬಿ ಬರೋ ಮುಂಚೆ: 811 ಅನ್ನೋ ನಂಬರಿನ ಕಥೆ

ಇವತ್ತು ಒಂದು ಫೋನ್ ನಂಬರಿನ ಇತಿಹಾಸ. ನಂಬರ್ 811.

ಅಮೆರಿಕದಲ್ಲಿ ನೆಲ ಅಗೆಯೋ ಮೊದಲು ಈ ನಂಬರಿಗೆ ಫೋನ್ ಮಾಡ್ಬೇಕು. ಮನೆ ಹಿಂದೆ ಬೇಲಿ ಕಂಬ ನೆಡೋದಾದ್ರೂ ಸರಿ, ರಸ್ತೆ ಅಗಲ ಮಾಡೋದಾದ್ರೂ ಸರಿ. ಫೋನ್ ಹೋದ ಮೇಲೆ ಆ ಜಾಗದಲ್ಲಿ ಲೈನ್ ಇರೋ ಕಂಪನಿಗಳ ಕಡೆಯವರು ಬಂದು ನೆಲದ ಮೇಲೆ ಬಣ್ಣದಲ್ಲಿ ಗುರುತು ಹಾಕ್ತಾರೆ. ಕೆಂಪು ಅಂದ್ರೆ ಕರೆಂಟು, ಹಳದಿ ಗ್ಯಾಸು, ನೀಲಿ ಕುಡಿಯೋ ನೀರು, ಹಸಿರು ಒಳಚರಂಡಿ, ಕಿತ್ತಳೆ ಫೋನ್ ಮತ್ತು ಇಂಟರ್ನೆಟ್ ಕೇಬಲ್.

ಆದ್ರೆ ಯಾವಾಗ ಫೋನ್ ಮಾಡ್ಬೇಕು? ಹೆಚ್ಚಿನ ರಾಜ್ಯಗಳ ನಿಯಮ: ಅಗೆಯೋಕೆ ಎರಡು-ಮೂರು ಕೆಲಸದ ದಿನ ಮುಂಚೆ. ಇಂಥ ನಿಯಮಗಳು ಸುಮ್ನೆ ಬಂದಿದ್ದಲ್ಲ.

1976ರ ಜೂನ್ 16. ಲಾಸ್ ಏಂಜಲೀಸ್ ಹತ್ತಿರದ ಕಲ್ವರ್ ಸಿಟಿಯಲ್ಲಿ ರಸ್ತೆ ಅಗಲ ಮಾಡ್ತಿದ್ರು. ಅಗೆಯೋ ಯಂತ್ರ ಪೆಟ್ರೋಲ್ ಪೈಪಿಗೆ ಬಡೀತು. ಪೆಟ್ರೋಲ್ ಚಿಮ್ಮಿ ಬೆಂಕಿ ಹತ್ತಿಕೊಂಡು ಒಂಬತ್ತು ಜನ ಸತ್ತರು. ಅದೇ ವರ್ಷ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ, ಒಂದೇ ಕರೆಗೆ ಎಲ್ಲ ಕಂಪನಿಗಳಿಗೂ ಸುದ್ದಿ ಮುಟ್ಟಿಸೋ ಕೇಂದ್ರ ಹುಟ್ಟಿತು.

ಎರಡನೇ ಘಟನೆ ಇನ್ನೂ ಕಷ್ಟದ್ದು. 1999ರ ಜೂನ್ 10, ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್. ಪೈಪ್ ಒಡೆದು ಪೆಟ್ರೋಲ್ ಹಳ್ಳಕ್ಕೆ ಹರಿದು ಹೊತ್ತಿಕೊಳ್ತು. ಹತ್ತು ವರ್ಷದ ಇಬ್ಬರು ಹುಡುಗರು, ಮೀನು ಹಿಡೀತಿದ್ದ ಹದಿನೆಂಟರ ಒಬ್ಬ ಯುವಕ ತೀರಿಕೊಂಡರು. ಅವತ್ತು ಅಲ್ಲಿ ಯಾರೂ ಅಗೀತಿರಲಿಲ್ಲ. ತನಿಖೆಯಲ್ಲಿ ಗೊತ್ತಾಗಿದ್ದೇನು ಅಂದ್ರೆ, ಐದು ವರ್ಷದ ಹಿಂದೆ, 1994ರಲ್ಲಿ, ನೀರು ಶುದ್ಧೀಕರಣ ಘಟಕದ ಕೆಲಸದಲ್ಲಿ ಯಂತ್ರ ತಗುಲಿ ಪೈಪಿಗೆ ಗಾಯ ಆಗಿತ್ತು. ಪೈಪಿನೊಳಗೆ ಒತ್ತಡ ಏರಿದ ದಿನ ಆ ಗಾಯವೇ ಬಾಯಿ ಬಿಡ್ತು.

ಇದಾದ ಮೇಲೆ 2002ರಲ್ಲಿ ಪೈಪ್‌ಲೈನ್ ಸುರಕ್ಷತೆಯ ಹೊಸ ಕಾನೂನು ಬಂತು. ದೇಶಕ್ಕೆಲ್ಲ ಮೂರಂಕಿಯ ಒಂದೇ ನಂಬರ್ ಬೇಕು ಅಂತ ಅದರಲ್ಲೇ ಇತ್ತು. 2005ರಲ್ಲಿ 811 ಗೊತ್ತಾಯ್ತು, 2007ರ ಮೇ ತಿಂಗಳಿಂದ ದೇಶಾದ್ಯಂತ ಶುರುವಾಯ್ತು.

ನಮ್ಮಲ್ಲಿ? 2023ರ ಮಾರ್ಚ್ 22ರಂದು ಕೇಂದ್ರ ಸರ್ಕಾರ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ತಂತು. ಎಲ್ಲಿ ಅಗೀತೀವಿ ಅಂತ ಅದರಲ್ಲಿ ಹಾಕಿದ್ರೆ, ಅಲ್ಲಿ ಲೈನ್ ಇರೋ ಸಂಸ್ಥೆಗಳಿಗೆ ಸಂದೇಶ ಹೋಗುತ್ತೆ. ಸಮನ್ವಯ ಇಲ್ಲದೆ ಅಗೆಯೋದ್ರಿಂದ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟ ಅಂತ ಸರ್ಕಾರವೇ ಆಗ ಹೇಳಿತ್ತು.

ಬಿ.ಕಾಂ ಓದಿದ ನನಗೆ ಇದು ಲೆಕ್ಕದ ಪುಸ್ತಕದ ಥರ ಕಾಣುತ್ತೆ. ಎರಡು ದಿನ ಕಾಯೋ ಖರ್ಚು ಅಗೆಯೋನ ಖಾತೆಗೆ ಬೀಳುತ್ತೆ. ಕಾಯದೇ ಇದ್ದಿದ್ದರ ಖರ್ಚು ಬೇರೆ ಯಾರದೋ ಖಾತೆಗೆ, ಕೆಲವು ಸಲ ಐದು ವರ್ಷ ಬಿಟ್ಟು ಬೀಳುತ್ತೆ. ಅದಕ್ಕೇ ಕಾಯೋದನ್ನ ಅಗೆಯೋನ ಇಷ್ಟಕ್ಕೆ ಬಿಡದೆ ನಿಯಮ ಮಾಡಿದ್ದು.

ಹಾಗಾಗಿ ಗುರುತು ಕೇಳೋ ಸರಿಯಾದ ಹೊತ್ತು, ಜೆಸಿಬಿಗೆ ಅಡ್ವಾನ್ಸ್ ಕೊಡೋಕೂ ಮುಂಚೆ. ಬಾಡಿಗೆ ಮೀಟರ್ ಓಡೋಕೆ ಶುರುವಾದ್ರೆ ಕಾಯೋ ತಾಳ್ಮೆ ಯಾರಿಗೂ ಇರಲ್ಲ. ಇನ್ನು ಅಗೆಯುವಾಗ ಪೈಪಿಗೆ ಒಂದು ಗೀರು ಬಿದ್ರೂ, ಮಣ್ಣು ಮುಚ್ಚಿ ಹೋಗ್ಬೇಡಿ. ಪೈಪಿನವರಿಗೆ ತಿಳಿಸಿ.

ಮುಂದಿನ ಕಂತಲ್ಲಿ ಸಿಗೋಣ.