ಅರ್ಧ ವಚನದ ಪೂರ್ಣಾರ್ಥ

ಶಾಸ್ತ್ರವಾಕ್ಯವನ್ನು ನಮಗೆ ಅನುಕೂಲವಾದ ಸ್ಥಳದಲ್ಲಿ ನಿಲ್ಲಿಸಿ ಪಠಿಸಬಹುದೇ? ಈ ಪ್ರಶ್ನೆಯನ್ನು ಯೆಹೂದ್ಯ ವಿದ್ವಾಂಸರು ಶತಮಾನಗಳಿಂದ ಚರ್ಚಿಸುತ್ತ ಬಂದಿದ್ದಾರೆ.

ಮೋಶೆಯ ಐದು ಗ್ರಂಥಗಳಿಗೆ ತೋರಾ ಎಂದು ಹೆಸರು. ಮೋಶೆಯು ವಿಭಾಗಿಸದ ವಚನವನ್ನು ಯಾರೂ ವಿಭಾಗಿಸಲಾಗದೆಂಬುದು ತಾಲ್ಮೂದಿನಲ್ಲಿ ಬರುವ ನಿಯಮ. ಇದರ ವ್ಯಾಪ್ತಿಯನ್ನು ಕುರಿತು ಕ್ರಿ.ಶ. 3ನೆಯ ಶತಮಾನದ ಬಾಬಿಲೋನಿನ ಆಚಾರ್ಯರಾದ ರಾವ್ ಮತ್ತು ಶಮುವೇಲರಲ್ಲಿ ಭಿನ್ನಾಭಿಪ್ರಾಯವಿತ್ತು. ಸೃಷ್ಟಿಯ ಮೊದಲ ದಿನದ ವರ್ಣನೆಯಲ್ಲಿರುವುದು 5 ವಚನಗಳು. ಅದನ್ನು ಇಬ್ಬರು ಓದಬೇಕು; ಒಬ್ಬೊಬ್ಬರಿಗೂ ಕನಿಷ್ಠ 3 ವಚನಗಳಿರಬೇಕು. ಎರಡನೆಯವನು 3ನೆಯ ವಚನವನ್ನು ಪುನಃ ಓದಲಿ ಎಂದರು ರಾವ್. ಅದನ್ನೇ ಎರಡಾಗಿ ಹಂಚಲಿ ಎಂದರು ಶಮುವೇಲ್. ಮಕ್ಕಳಿಗೆ ಪಾಠ ಹೇಳುವ ಉಪಾಧ್ಯಾಯನೊಬ್ಬನಿಗೆ ವಚನವನ್ನು ಬಿಡಿಸಿ ಕಲಿಸಲು ಬಹು ಕಷ್ಟದಿಂದ ಅನುಮತಿ ದೊರೆಯಿತೆಂಬುದನ್ನು ಶಮುವೇಲರ ಪಕ್ಷಕ್ಕೆ ಆಧಾರವಾಗಿ ಹೇಳಲಾಗಿದೆ.

ಇಷ್ಟು ಕಟ್ಟುನಿಟ್ಟಿದ್ದರೂ ಪ್ರಾರ್ಥನೆಯಲ್ಲಿ ಅರ್ಧ ವಚನಗಳು ಸೇರಿವೆ. ಅವುಗಳಲ್ಲಿ ಅತ್ಯಂತ ವಿಚಾರಾರ್ಹವಾದುದು ದೇವರ 13 ಗುಣಗಳ ಪಠಣ. ಇದರ ಮೂಲ ವಿಮೋಚನಕಾಂಡದ 34ನೆಯ ಅಧ್ಯಾಯದ 6 ಮತ್ತು 7ನೆಯ ವಚನಗಳು. ಅಲ್ಲಿ ‘ವೆನಕ್ಕೇ ಲೋ ಯೆನಕ್ಕೇ’ ಎಂದಿದೆ. ಹೀಬ್ರೂ ವ್ಯಾಕರಣದಂತೆ ಕ್ರಿಯಾಪದದ ದ್ವಿರುಕ್ತಿಯು ಒತ್ತನ್ನು ಸೂಚಿಸುತ್ತದೆ. ಆದುದರಿಂದ, ಅಪರಾಧಿಯನ್ನು ನಿರ್ದೋಷಿಯೆಂದು ಎಂದಿಗೂ ಬಿಡುವುದಿಲ್ಲ ಎಂದು ಅರ್ಥ. ಆದರೆ ಕ್ಷಮಾಯಾಚನೆಯ ಪ್ರಾರ್ಥನೆಯು ‘ವೆನಕ್ಕೇ’ ಎಂಬಲ್ಲಿಯೇ ನಿಲ್ಲುತ್ತದೆ. ಆಗ ಅರ್ಥವೇ ತಿರುಗಿ, ದೋಷಮುಕ್ತಗೊಳಿಸುವವನು ಎಂದಾಗುತ್ತದೆ. ತಂದೆಗಳ ಪಾಪಫಲವು ಮಕ್ಕಳನ್ನು ಮುಟ್ಟುವುದೆಂಬ ಮುಂದಿನ ಮಾತೂ ಬಿಟ್ಟುಹೋಗುತ್ತದೆ.

ಲೆಕ್ಕದ ಪುಸ್ತಕದಲ್ಲಿ ಜಮೆಯನ್ನು ಮಾತ್ರ ಓದಿ ಖರ್ಚನ್ನು ಮುಚ್ಚಿದಂತೆ ಇದು ಕಾಣಬಹುದು. ಈ ಶಂಕೆಗೆ ತಾಲ್ಮೂದಿನ ಯೋಮಾ ಭಾಗದಲ್ಲಿ ರಬ್ಬಿ ಎಲ್ಲಾಜಾರರ ಸಮಾಧಾನವಿದೆ. ಬಿಡುವನೆಂಬುದೂ ಬಿಡನೆಂಬುದೂ ಎರಡೂ ಶಾಸ್ತ್ರದಲ್ಲಿರುವುದರಿಂದ ಒಂದನ್ನೇ ಹಿಡಿಯುವಂತಿಲ್ಲ. ಪಶ್ಚಾತ್ತಾಪದಿಂದ ಮರಳಿದವನನ್ನು ಬಿಡುವನು, ಮರಳದವನನ್ನು ಬಿಡನು ಎಂಬುದು ಅವರ ನಿರ್ಣಯ. ಹೀಗೆ ಆ ಅರ್ಧ ವಚನವು ಪಶ್ಚಾತ್ತಾಪಪಟ್ಟವನಿಗೆ ಮಾತ್ರ ಸಲ್ಲುತ್ತದೆ. ವಿಜ್ಞಾಪನೆಯಾಗಿ ನುಡಿದುದು ಗ್ರಂಥವಾಚನವಲ್ಲವೆಂದೂ ಕೆಲವು ಪಂಡಿತರು ಸಮರ್ಥಿಸಿದ್ದಾರೆ.

ಉಪವಾಸದ ದಿನ ಇದೇ ಅಧ್ಯಾಯವನ್ನು ಸಭೆಯಲ್ಲಿ ಓದುವಾಗ ಒಂದು ಉಚಿತವಾದ ಸಂಪ್ರದಾಯವುಂಟು. ಸಭೆಯವರು ‘ವೆನಕ್ಕೇ’ ಎಂಬವರೆಗೆ ಗಟ್ಟಿಯಾಗಿ ಹೇಳಿ ನಿಲ್ಲುತ್ತಾರೆ. ಬಳಿಕ ವಾಚಕನು ಸುರುಳಿಯನ್ನು ನೋಡಿ ವಚನವನ್ನು ಕೊನೆಯವರೆಗೆ ಓದುತ್ತಾನೆ. ಕ್ಷಮೆಯನ್ನು ಬೇಡಿದವರೇ ನ್ಯಾಯದ ಮಾತನ್ನೂ ನಿಂತು ಕೇಳಬೇಕಾಗುತ್ತದೆ. ಅರ್ಧವನ್ನು ನುಡಿಯುವವನು ಉಳಿದರ್ಧವನ್ನು ಮರೆಯಬಾರದೆಂಬ ಎಚ್ಚರವು ಈ ಕ್ರಮದಲ್ಲಿಯೇ ಅಡಗಿದೆ.